ಕೆಳಗಿನ ಓಣಿಯ ಸೋರುಪ್ಪು

ಗಂಡನ ಅಣ್ಣ ಓಬಳೆಪ್ಪ ಎದುರಿಗೆ ಬಂದು ನಿಂತರೂ ಮಾಳವ್ವ ಒಲೆಯ ಮುಂದಿನಿಂದ ಏಳಲಿಲ್ಲ. ಸೆರಗು ತಲೆಯಿಂದ ಜಾರಿತ್ತು, ಅದನ್ನೂ ಎಳೆದುಕೊಳ್ಳಲಿಲ್ಲ. ಕಡಾಯಿಯಲ್ಲಿ ಗೋಡೆಮಣ್ಣು ಸೋಸಿದ ನೀರು ಕುದಿಯುತ್ತಿತ್ತು. ನಿನ್ನೆ ಕುದಿಸಿ ನೆರಳಿನಲ್ಲಿ ಆರಲಿಟ್ಟ ಗಡಿಗೆಗಳಲ್ಲಿ ಸೋರುಪ್ಪು ಸೂಜಿಸೂಜಿಯಾಗಿ ಕಟ್ಟಿತ್ತು.

"ಸಂಜೀಕ ಅಷ್ಟೂ ಬೇಕು," ಎಂದ ಓಬಳೆಪ್ಪ. "ಗಂಧಕ ಬಂದೈತಿ, ಇದ್ದಲಿ ಕುಟ್ಟಿಸೀವಿ. ಉಪ್ಪು ಬಿದ್ರ ಬಂದೂಕಿನ ಮದ್ದು ತಯಾರ."

"ಯಾರ ಮ್ಯಾಲ ಹಾರಸ್ತೀರಿ?"

"ರಜಾಕಾರರು ನಮ್ಮ ಕಣ ಸುಟ್ಟಿದ್ದು ಮರತೀಯೇನು? ಈಗ ನಮ್ಮ ಪಾಳಿ. ಕೆಳಗಿನ ಓಣಿ ಖಾಲಿ ಮಾಡಸ್ತೀವಿ."

ರಜಾಕಾರರು ಓಡಿಹೋಗಿ, ಹಿಂದೂಸ್ಥಾನದ ದಂಡು ಬಂದು ತಿಂಗಳಾಗಿತ್ತು. ಕಣ ಸುಟ್ಟವರು ಕುದುರೆ ಮೇಲೆ ಬಂದ ಪರವೂರಿನವರೆಂದು ಓಬಳೆಪ್ಪನಿಗೂ ಗೊತ್ತಿತ್ತು. ಮುಸಲ್ಮಾನರ ಕೆಳಗಿನ ಓಣಿಯಲ್ಲಿ ಉಳಿದಿದ್ದವರು ಜುಬೇದಾಬೀಯಂಥ ಹೆಂಗಸರು, ಮುದುಕರು.

ಮದುವೆಯಾಗಿ ಬಂದಾಗಿನಿಂದ ಮಾಳವ್ವ ಬುಟ್ಟಿ, ಕುರುಪಿ ಹಿಡಿದು ಗೋಡೆಯ ಉಪ್ಪುಮಣ್ಣು ಕೆರೆಯಲು ಆ ಓಣಿಗೆ ಹೋಗುತ್ತಿದ್ದಳು. ಜನ ಬಿಟ್ಟುಹೋದ ಮನೆಯ ಗೋಡೆ ಉಪ್ಪು ಬಿಡುವುದಿಲ್ಲ. ದನ ಉಚ್ಚೆ ಹೊಯ್ಯಬೇಕು, ಬಚ್ಚಲ ನೀರು ಇಂಗಬೇಕು, ಒಳಗೆ ಸಂಸಾರ ನಡೆಯಬೇಕು. ಗೋಡೆಯ ಬುಡ ಬೆಳ್ಳಗಾದರೆ ಜುಬೇದಾಬೀ ತಾನೇ ಕರೆಯುತ್ತಿದ್ದಳು: "ಬಾರವ್ವ, ಗ್ವಾಡಿ ಹೂ ಬಿಟ್ಟೈತಿ, ಕೆರಕೊಂಡು ಹೋಗು. ಮನಿ ಬಿದ್ರ ನಿನ್ನ ಮನ್ಯಾಗ ಬಂದು ಕುಂದರತೀನಿ."

"ಇದು ಅವರ ಗ್ವಾಡಿ ಉಪ್ಪು, ಭಾವಾರ," ಎಂದಳು ಮಾಳವ್ವ. "ಅವರ ಮ್ಯಾಲ ಹಾರಸಾಕ ಕೊಡಂಗಿಲ್ಲ."

ಓಬಳೆಪ್ಪ ತಮ್ಮನ ಕಡೆ ತಿರುಗಿದ. "ಹುಚ್ಚೀರ, ನಿನ್ನ ಹೇಂತಿಗೆ ಯಾವಾಗ ಬಂತೋ ಬಾಯಿ?"

ಹುಚ್ಚೀರಪ್ಪ ಕಟ್ಟಿಗೆ ಮುರಿಯುತ್ತ ತಲೆ ತಗ್ಗಿಸಿದ.

"ಬಾಯಿ ಮೊದಲಿಂದ ಐತ್ರಿ," ಎಂದಳು ಮಾಳವ್ವ. " ನಿಮ್ಮ ಮುಂದ ತಗದಿದ್ದಿಲ್ಲ."

"ನಾಳಿಂದ ಗಂಗಾವತಿ ಸಂತಿಗೆ ಉಪ್ಪು ಒಯ್ಯಾಕ ನನ್ನ ಬಂಡಿ ಇಲ್ಲ ನಿನಗ. ತಲಿಮ್ಯಾಲ ಹೊತಗೊಂಡು ಹೋಗ್ತೀಯೇನು?"

"ಹೊರತೀನಿ."

ಓಬಳೆಪ್ಪ ಗಡಿಗೆಗಳ ಕಡೆ ನಡೆದ. ಅವನ ಕೈ ತಾಗುವ ಮೊದಲೇ ಮಾಳವ್ವ ಒಂದನ್ನು ಉರುಳಿಸಿದಳು, ಮತ್ತೊಂದನ್ನೂ. ಸೂಜಿಗಳು ಮಣ್ಣಿನಲ್ಲಿ ಹರಡಿ ಹೊಳೆದವು. ಅವನು ಬಾಗಿ ಬಾಚಿಕೊಳ್ಳಲು ಹೋದಾಗ ಅವಳು ಕಡಾಯಿಯಿಂದ ಕುದಿನೀರನ್ನು ಸೌಟಿನಿಂದ ಮೊಗೆದು ಅವುಗಳ ಮೇಲೆ ಸುರಿದಳು. ಓಬಳೆಪ್ಪ ಹಿಂದೆ ಹಾರಿದ. ಉಪ್ಪು ಕರಗಿ ನೆಲಕ್ಕಿಳಿಯಿತು. ಅವಳು ಸೌಟು ಬಿಡಲಿಲ್ಲ.

"ಬೇಕಾದ್ರ ಅಂಗಳ ಕೆರಕೊಂಡು ಹೋಗ್ರಿ," ಎಂದಳು. "ಸೋಸಾಕ, ಕುದಿಸಾಕ ಬರತೈತೇನು ನಿಮಗ?"

ಮೂಲೆಯಲ್ಲಿ ಇನ್ನೊಂದು ಗಡಿಗೆ ಉಳಿದಿತ್ತು. ಹುಚ್ಚೀರಪ್ಪ ಎದ್ದ. ಅಣ್ಣನ ಮುಖ ನೋಡದೆ ಹೋಗಿ, ಅದನ್ನು ಕಾಲಿನಿಂದ ಕೆಡವಿ, ಮರಳಿ ಬಂದು ಕಟ್ಟಿಗೆಯ ಹತ್ತಿರ ಕೂತ.

ಓಬಳೆಪ್ಪ ಹೊರಟುಹೋದ. ಬಿಸಿಲು ಏರಿತು. ಒದ್ದೆ ನೆಲ ಆರುತ್ತ ಬಂದಂತೆ ಅಂಗಳದ ತುಂಬ ತೆಳ್ಳನೆಯ ಬಿಳುಪು ಮೂಡತೊಡಗಿತು. ಮಾಳವ್ವ ಅದರ ನಡುವೆಯೇ ಕೂತು ರೊಟ್ಟಿ ಮುರಿದು, ಅರ್ಧ ಗಂಡನ ಕಡೆ ಚಾಚಿದಳು.