ಬೀಗದ ಗುರುತು

“ಪ್ರೈವೇಟ್ ಅಂತೆ. ಲೇ ತಾಹಾ, ಪ್ರೈವೇಟ್ ಅಂದ್ರೆ ಬಿಳಿಕೆರೆ ಬಸ್ಸು ಕಣ್ಲಾ, ಕೈ ಅಡ್ಡ ಇಟ್ಟೋರೆಲ್ಲ ಅತ್ತಬೋದು. ಎಂಟನೇ ಕ್ಲಾಸಿಗೇ ಸ್ಕೂಲ್ ಬುಟ್ಟ ದಡ್ಡನ ಕೈಗೆ ಕಂಪ್ಯೂಟ್ರು ಕೊಟ್ಟೆನಲ್ಲ, ನನಗೆ ಬುದ್ಧಿ ಇಲ್ಲ.”

ಹುಣಸೂರಿನ ಆ ಸಾಮಿಲ್ಲಿನ ಮಾಲೀಕ ಶಶಿಕುಮಾರ್ ಕಂಪ್ಯೂಟರ್ ಮುಂದೆ ಕೂತು ಹೀಗಂದಾಗ ಹಮಾಲಿಗಳು ನಕ್ಕರು. ಬಿಲ್ ಬರೆಯುವ ರೂಪಶ್ರೀ ಬಾಯಿಗೆ ದುಪ್ಪಟ್ಟ ಒತ್ತಿಕೊಂಡಳು. ನಗುವವರು ನಕ್ಕೊಂಡು ಸಾಯಲಿ. ತಾಹಾನ ಕಣ್ಣು ಬೆಂಚಿನ ಮೇಲೆ ಟೀ ಕುಡಿಯುತ್ತಿದ್ದ ವಕಾರ್ ಸಾಬರ ಮೇಲಿತ್ತು. ಪಿರಿಯಾಪಟ್ಟಣದಿಂದ ಹಲಗೆ ಒಯ್ಯಲು ಬಂದಿದ್ದ ಅವರು, ತಾಹಾನ ತಂಗಿ ಆತಿಕಾಳನ್ನು ಒಪ್ಪಿದ ಹುಡುಗನ ಸೋದರಮಾವ. ಬರುವ ಶುಕ್ರವಾರ ನಿಶ್ಚಿತಾರ್ಥ.

ಆತಿಕಾಗೆ ಯಾವಾಗಲೋ ಒಮ್ಮೆ ಫಿಟ್ಸ್ ಬರುತ್ತದೆ. ಮನೆಯವರನ್ನು ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಮನೆಯ ಫೋನನ್ನು ನೆಂಟರ ಮಕ್ಕಳೆಲ್ಲ ತಿರುವುತ್ತಾರೆಂದು ಹೆದರಿ, ಮೈಸೂರಿನ ಡಾಕ್ಟರನ್ನು ಕಾಣುವ ತಾರೀಖನ್ನು ತಾಹಾ ತಾನು ನೋಡಿಕೊಳ್ಳುತ್ತಿದ್ದ ಮಿಲ್ಲಿನ ಮೇಲ್‌ನ ಕ್ಯಾಲೆಂಡರಿನಲ್ಲೇ ಇಟ್ಟಿದ್ದ. ಅದನ್ನು ರೂಪಶ್ರೀಯೂ ತೆರೆದು ನೋಡುತ್ತಿದ್ದಳು. ಆದರೆ ‘ಪ್ರೈವೇಟ್’ ಎಂದು ಒತ್ತಿದರೆ ಪುಟ್ಟ ಬೀಗ ಬೀಳುತ್ತಿತ್ತು, ಅವಳಿಗೆ ಬರೀ ‘ಬಿಡುವಿಲ್ಲ’ ಅಂತ ಕಾಣುತ್ತಿತ್ತು. ಬೀಗ ಬಿದ್ದ ಮೇಲೆ ಇನ್ನೇನು ಭಯ?

ಹೋದ ವಾರ ಶಶಿಕುಮಾರ್, “ನಂಗೂ ಎಲ್ಲಾ ಕಾಣಂಗೆ ಮಾಡ್ಲಾ” ಅಂದಿದ್ದ. ತೆರೆಯ ಮೇಲೆ ಇಂಗ್ಲಿಷಿನಲ್ಲಿ ಸಾಲಾಗಿ ಚೌಕಗಳು. ಕೊನೆಯದು, ಖಾಸಗಿಯವನ್ನೂ ಇವರಿಗೆ ತೋರಿಸಲೇ ಎಂದು ಕೇಳುತ್ತಿತ್ತು. ಎಲ್ಲಾ ಅಂದರೆ ಎಲ್ಲಾ. ತಾಹಾ ಓದದೆ ಪ್ರತಿಯೊಂದಕ್ಕೂ ಟಿಕ್ ಹಾಕಿದ್ದ. ಆ ಬೆರಳನ್ನು ಈಗ ಗರಗಸಕ್ಕೆ ಕೊಡಬೇಕು ಅನ್ನಿಸಿತು.

“ಅಣ್ಣ, ಅದ ಬುಡಿ. ಆಮೇಲೆ ಮಾತಾಡಣ.”

“ಯಾಕ್ಲಾ ಬುಡ್ಲಿ? ಮರದ ಮಿಲ್ಲಿನ ಮೇಲ್ನಾಗೆ ನಿಮ್ಮನೆ ಆಸ್ಪತ್ರೆ ಪುರಾಣ ಯಾಕೆ?” ಶಶಿಕುಮಾರ್ ಕನ್ನಡಕ ಏರಿಸಿಕೊಂಡು ಓದಿಯೇಬಿಟ್ಟ. “ಆತಿಕಾ, ಫಿಟ್ಸ್ ಡಾಕ್ಟ್ರು, ಮಾತ್ರೆ ಬದಲಾಯಿಸೋದು ಕೇಳಬೇಕು.”

“ಸಾರ್, ಮುಚ್ಚಿ ಅದನ್ನ” ಎಂದಳು ರೂಪಶ್ರೀ.

“ಯಾಕಮ್ಮ, ನಾನೇನಂದೆ ಈಗ?” ಬೆಂಚಿನ ಮೇಲಿದ್ದವರು ಆತಿಕಾಳ ಗಂಡಿನ ಕಡೆಯವರೆಂದು ಅವನಿಗೆ ನಿಜಕ್ಕೂ ಗೊತ್ತಿರಲಿಲ್ಲ.

ವಕಾರ್ ಸಾಬರು ಅರ್ಧ ಕುಡಿದ ಲೋಟವನ್ನು ಬೆಂಚಿನ ಮೇಲಿಟ್ಟರು. ಅವರು ದನಿ ಏರಿಸಲಿಲ್ಲ. ಏರಿಸಿದ್ದರೆ ತಾಹಾ ಜಗಳಕ್ಕಾದರೂ ನಿಲ್ಲುತ್ತಿದ್ದ.

“ಬೇಟಾ, ಆತಿಕಾ ಅಂದ್ರೆ ನಮ್ಮ ಆತಿಕಾನೇನಾ?”

ಇಲ್ಲ ಮಾಮು, ಅದು ಬೇರೆ ಯಾರೋ ಅನ್ನುವ ಮಾತು ನಾಲಿಗೆಯವರೆಗೂ ಬಂತು. ಆದರೆ ಅವರು ಸಂಜೆ ನೆಟ್ಟಗೆ ಮನೆಗೇ ಬಂದು ಅಮ್ಮಿಯನ್ನು ಕೇಳುತ್ತಾರೆ. ಅಮ್ಮಿಗೆ ಸುಳ್ಳು ಹೇಳಲು ಬರುವುದಿಲ್ಲ.

“ಹೇಳು ಬೇಟಾ.”

ತಾಹಾ ಮರದ ಪುಡಿ ತುಳಿಯುತ್ತ ಗೇಟು ದಾಟಿ ನಡೆದುಬಿಟ್ಟ.