ಹೋಗಿ ಬರ್ತೀನಿ ಅಂದದ್ದು

ಮೂವತ್ತು ವರ್ಷ ಊರಿನ ಕತ್ತಿ, ಕತ್ತರಿ, ಚಾಕುಗಳಿಗೆ ಸಾಣೆ ಹಿಡಿದವನು ಅವನು. ಊರು ಸಾಣೆಯಣ್ಣ ಎಂದು ಕರೆದೂ ಕರೆದೂ ಅವನ ನಿಜವಾದ ಹೆಸರು ತುಕ್ಕು ಹಿಡಿದಿತ್ತು. ಅಂಥ ಸಾಣೆಯಣ್ಣ ಈಗ ಪರನಾಡಿನ ಕಚೇರಿಯೊಂದರಲ್ಲಿ, ಒಂದು ಕಾಲು ಕುಂಟುವ ಕುರ್ಚಿಯ ಮೇಲೆ ಕೂತಿದ್ದ. ಎದುರಿಗೆ ಸಾಹೇಬರು. ಪಕ್ಕದಲ್ಲಿ, ಅವರ ಮಾತನ್ನು ಇವನಿಗೂ ಇವನ ಮಾತನ್ನು ಅವರಿಗೂ ದಾಟಿಸುವ ದುಭಾಷಿ ಹುಡುಗಿ. ಅವಳು ಹುಟ್ಟಿದ್ದು ಇಲ್ಲೇ. ಇವನ ಮಾತು ಕಲಿತದ್ದು ಅಜ್ಜಿಯ ಬಾಯಿಂದ. ಗಂಡಹೆಂಡಿರನ್ನು ಈ ನೆಲದಲ್ಲಿ ಇರಗೊಡುವುದೋ, ಬಂದ ದಾರಿಗೇ ಹಿಂದಕ್ಕೆ ಅಟ್ಟುವುದೋ ಎಂಬುದು ಸಾಹೇಬರು ಬರೆಯುತ್ತಿದ್ದ ಕಡತದಲ್ಲಿತ್ತು.

ಬೆಳಗಿನಿಂದ ಎಲ್ಲ ಸಲೀಸಾಗಿಯೇ ನಡೆದಿತ್ತು. ಊರು 'ನಮ್ಮವರು', 'ನಿಮ್ಮವರು' ಎಂದು ಎರಡಾದದ್ದನ್ನು ಅವನು ಹೇಳಿದ. ಸೌದೆ ಡಿಪೋದವನು ಮೂರು ಚೀಲ ಮಚ್ಚು ತಂದು ಅಂಗಡಿಯಲ್ಲಿ ಸುರಿದದ್ದನ್ನು ಹೇಳಿದ. ಕೊಯ್ಲು ಮುಗಿದು ತಿಂಗಳಾಯಿತು, ಇಷ್ಟೊಂದು ಯಾಕಣ್ಣಾ ಎಂದು ಕೇಳಿದರೆ, "ನಿಮ್ಮ ಬೀದಿಗೇ" ಎಂದು ಅವನು ನಕ್ಕದ್ದನ್ನೂ ಹೇಳಿದ.

"ಆಮೇಲೆ?" ಸಾಹೇಬರ ಪ್ರಶ್ನೆಯನ್ನು ಹುಡುಗಿ ದಾಟಿಸಿದಳು.

"ಸಾಣೆ ಹಿಡಿದುಕೊಟ್ರೆ ನಿನ್ನ ಮನೆ ಬಿಡ್ತೀವಿ, ಇಲ್ಲಾಂದ್ರೆ ನಿನ್ನದೇ ಮೊದಲು ಅಂದ. ಸಂಜೆ ತನಕ ಯೋಚನೆ ಮಾಡು ಅಂದ. ನಾನು ಚಕ್ರ ನಿಲ್ಲಿಸ್ದೆ. ಕೈ ಒರೆಸ್ಕೊಂಡೆ. ಹೋಗಿ ಬರ್ತೀನಣ್ಣಾ ಅಂತ ಹೇಳಿ ಎದ್ದು ಬಂದೆ. ನಮ್ಮವಳನ್ನ ಕರ್ಕೊಂಡು ಹಿತ್ತಲ ಬಾಗಿಲಿಂದ ಊರು ಬಿಟ್ಟೆ."

ಹುಡುಗಿ ಪದಕ್ಕೆ ಪದ ದಾಟಿಸಿದಳು. ಸಾಹೇಬರ ಪೆನ್ನು ನಿಂತಿತು.

"ಕೊಲ್ತೀನಿ ಅಂದವನಿಗೆ ವಾಪಸ್ ಬರ್ತೀನಿ ಅಂತ ಹೇಳಿ ಬಂದ್ರಾ ಅಂತ ಕೇಳ್ತಿದಾರೆ, ಯಜಮಾನ್ರೇ."

"ವಾಪಸ್ ಅಂತ ಎಲ್ಲಿ ಹೇಳ್ದೆ ಮಗಳೇ? ಹೋಗಿ ಬರ್ತೀನಿ ಅಂದೆ, ಅಷ್ಟೆ."

"ಬರ್ತೀನಿ ಅಂದ್ರೆ ಬರೋದು ತಾನೆ?"

"ಹೌದು."

"ಬರೋ ಮನಸ್ಸಿತ್ತಾ?"

"ಎಲ್ಲಿ ಬರೋದು ತಾಯೀ!"

"ಹಾಗಾದ್ರೆ ಸುಳ್ಳು ಹೇಳಿದ್ರಾ?"

ಸಾಣೆಯಣ್ಣ ಎದೆ ಮುಟ್ಟಿ ನೋಡಿಕೊಂಡ. ಮೇಲಿರುವವನ ಸಾಕ್ಷಿಯಾಗಿ ನಿಜವನ್ನೇ ಹೇಳುತ್ತೇನೆ ಎಂದು ಬೆಳಿಗ್ಗೆಯಷ್ಟೇ ಎದೆಯ ಮೇಲೆ ಕೈಯಿಟ್ಟು ಆಡಿದ ಬಾಯಿ ಇದು. ಅಂದದ್ದು ನಿಜವಾದರೆ, ತಿರುಗಿ ಹೋಗುವ ಮನಸ್ಸಿತ್ತು ಎಂದಾಯಿತು. ಆಗ ಹೆದರಿ ಓಡಿದ್ದು ಸುಳ್ಳು. ಅಂದದ್ದು ಸುಳ್ಳಾದರೆ, ಸುಳ್ಳುಗಾರನ ಉಳಿದ ಮಾತನ್ನು ಯಾರು ನಂಬುತ್ತಾರೆ? ಎರಡೂ ಕಡೆ ಅಲಗಿರುವ ಕತ್ತಿಗಳನ್ನು ಅವನು ಎಷ್ಟೋ ಮಸೆದಿದ್ದ. ಅವಕ್ಕೆಲ್ಲ ಹಿಡಿಯಾದರೂ ಇತ್ತು.

ಅಂದು ಸಾಣೆಕಲ್ಲಿನ ಮೇಲೆ ನೀರು ತೊಟ್ಟಿಕ್ಕುತ್ತಲೇ ಇತ್ತು. ಚಕ್ರ ನಿಲ್ಲಿಸಿದವನು ನೀರು ನಿಲ್ಲಿಸಿ ಬಂದಿರಲಿಲ್ಲ. ಹಾಗಾದರೆ ಒಳಗೆಲ್ಲೋ ಬರುವ ಆಸೆ ಇತ್ತೇ? ದೇವರೇ, ನನ್ನ ಮನಸ್ಸು ನನಗಿಂತ ನೀನೇ ಬಲ್ಲೆ, ನೀನಾದರೂ ಹೇಳಬಾರದೆ?

"ಗೊತ್ತಿಲ್ಲ" ಎಂದ.

ಸಾಹೇಬರು ಏನೋ ಬರೆದು ಕೆಳಗೆ ಗೆರೆ ಎಳೆದರು. ಆ ಲಿಪಿ ಸಾಣೆಯಣ್ಣನಿಗೆ ಬಾರದು, ಗೆರೆ ಅರ್ಥವಾಯಿತು. ಕಡತ ಮುಚ್ಚಿತು. ಇನ್ನು ಹೊರಡಬಹುದು ಎಂದರು.

ಅವನು ಎದ್ದು ನಿಂತು ಕೈ ಮುಗಿದ. "ಹೋಗಿ ಬರ್ತೀನಿ ಸ್ವಾಮೀ."

ದಾಟಿಸಲು ತೆರೆದ ಹುಡುಗಿಯ ಬಾಯಿ ತೆರೆದೇ ಉಳಿಯಿತು. ಆಮೇಲೆ ಅವಳು ಇವನ ಕಡೆಗೇ ತಿರುಗಿ, "ಎಲ್ಲಿಗೆ ಬರ್ತೀರಾ?" ಎಂದಳು.

"ಎಲ್ಲಿಗೂ ಇಲ್ಲಮ್ಮಾ. ಹೊರಡ್ತಿದೀನಲ್ಲ, ಅದಕ್ಕಂದೆ. ಹೋಗ್ತೀನಿ ಅಂತ ಬಾಯಲ್ಲಿ ಅನ್ನೋಕಾಗುತ್ತಾ?"

ಹುಡುಗಿ ದನಿ ತಗ್ಗಿಸಿದಳು. "ನಮ್ಮಜ್ಜಿ ಆಸ್ಪತ್ರೆ ಮಂಚದ ಮೇಲೆ ಹಿಂಗೇ ಅಂದಿದ್ಲು. ಹೋಗಿ ಬರ್ತೀನಿ ಮಗಾ ಅಂತ. ವಾಸಿಯಾಗಿ ಬರ್ತಾಳೆ ಅಂತ ನಾನು ಮನೇಲಿ ಅವಳ ಹಾಸಿಗೆ ಹಾಸಿಟ್ಟಿದ್ದೆ."

"ದೊಡ್ಡ ಜೀವ. ಹೇಳಿಯೇ ಹೋಗಿದಾರೆ ತಾಯಿ."

ಹುಡುಗಿ ಸಾಹೇಬರ ಕಡೆ ತಿರುಗಿ ಬಹಳ ಹೊತ್ತು ಮಾತಾಡಿದಳು. ಇವನು ಆಡಿದ್ದು ಎರಡೇ ಮಾತು, ಅವಳು ಹೇಳುತ್ತಿದ್ದುದು ಅಷ್ಟುದ್ದ, ಸಾಣೆಯಣ್ಣ ಗಾಬರಿಯಾದ. ಸಾಹೇಬರು ಕಡತ ಬಿಚ್ಚಿ, ಗೆರೆ ಎಳೆದ ಸಾಲನ್ನು ನೋಡುತ್ತಾ ಒಂದೇ ಒಂದು ಪ್ರಶ್ನೆ ಕೇಳಿದರು.

"ಹಾಗಾದ್ರೆ ನಿಜವಾಗ್ಲೂ ಬರದೇ ಇರೋರು ಹೊರಡೋವಾಗ ಏನಂತಾರೆ ಅಂತ ಕೇಳ್ತಿದಾರೆ."

ಅವನು ಯೋಚಿಸಿದ. ತಾನು ಬೀಳ್ಕೊಟ್ಟವರನ್ನೆಲ್ಲ ಒಬ್ಬೊಬ್ಬರಾಗಿ ನೆನೆದ.

"ಅವರೂ ಹೋಗಿ ಬರ್ತೀನಿ ಅಂತಾನೇ ಅಂತಾರೆ ಸ್ವಾಮೀ."

ಸಾಹೇಬರು ಪೆನ್ನನ್ನು ಆ ಸಾಲಿನ ಮೇಲೆ ಹಿಡಿದರು. ಹೊಡೆದುಹಾಕಲಿಲ್ಲ, ಪೆನ್ನನ್ನು ಎತ್ತಲೂ ಇಲ್ಲ. ಬರೆಯುತ್ತೇನೆ ಎಂದಷ್ಟೇ ಅಂದರು.

ಹೊರಗೆ ಬೆಂಚಿನ ಮೇಲೆ ಹೆಂಡತಿ ಚೀಲ ತಬ್ಬಿಕೊಂಡು ಕೂತಿದ್ದಳು. "ಏನಂದ್ರು? ಇರಿ ಅಂದ್ರಾ, ಹೊರಡಿ ಅಂದ್ರಾ?"

"ನಾನು ಬರ್ತೀನಿ ಅಂದೆ. ಅವರು ಬರೀತೀನಿ ಅಂದ್ರು."

"ಏನಂತ ಬರೀತಾರಂತೆ?"

"ಅದು ಅವರಿಗೂ ಇನ್ನೂ ಗೊತ್ತಾಗಿಲ್ಲ ಕಣೇ."

"ಊರಿನ ಕತ್ತಿಗೆಲ್ಲ ಮೊನೆ ಕೊಟ್ರಿ, ನಿಮ್ಮ ನಾಲಿಗೆ ಮಾತ್ರ ಮೊಂಡು" ಎನ್ನುತ್ತಾ ಅವಳು ಎದ್ದಳು. ಬೆಳಗಿನಿಂದ ಕುಡಿಯಲು ನೀರು ಕೊಟ್ಟಿದ್ದ ಬಾಗಿಲ ಕಾವಲುಗಾರನಿಗೆ ಕೈ ಮುಗಿದು, "ಬರ್ತೀವಪ್ಪಾ" ಎಂದಳು.

ಸಾಣೆಯಣ್ಣ ಅವಳ ಬಾಯಿ ಮುಚ್ಚಲೆಂದು ಥಟ್ಟನೆ ಕೈ ಎತ್ತಿದ. ಆಮೇಲೆ, ಏಕೆ ಎತ್ತಿದೆನೆಂದು ತನಗೇ ತಿಳಿಯದೆ, ಆ ಕೈಯಿಂದ ಅವಳ ಚೀಲ ಇಸಿದುಕೊಂಡ.