ನದಿ ಕಡೆಗೋ ರಸ್ತೆ ಕಡೆಗೋ

ಆ ಊರಿನಲ್ಲಿ ಕಾರು ಓಡಿಸಲು ಕಲಿತವರಲ್ಲಿ ಮುಕ್ಕಾಲು ಪಾಲು ಜನ ಡ್ರೈವಿಂಗ್ ಮೇಡಂ ಕೈಯಲ್ಲಿ ಬೈಸಿಕೊಂಡವರೇ. ಗುಡ್ಡದ ನೆತ್ತಿಯಿಂದ ನದಿಯ ದಡದವರೆಗೆ ಜಾರಿಕೊಂಡು ಬಂದಂತಿದ್ದ ಊರು ಅದು. ಅಂಥ ಏರಿನಲ್ಲಿ ಗಾಡಿ ನಿಲ್ಲಿಸಿ, ಒಂದು ಗೇಣೂ ಹಿಂದಕ್ಕೆ ಜಾರದಂತೆ ಹೊರಡುವುದನ್ನು ಆಕೆಯಷ್ಟು ಚೆನ್ನಾಗಿ ಕಲಿಸುವವರು ಇನ್ನೊಬ್ಬರಿರಲಿಲ್ಲ. ಅಂಥವಳಿಗೆ ಮನೆಗೊಂದು ಮರದ ಜಗಲಿ ಕಟ್ಟಿಸಲು ಹೊರಟಾಗ ಮಾತ್ರ ತಲೆಬುಡ ತಿಳಿಯದಂತಾಯಿತು.

ಎಲ್ಲ ಶುರುವಾದದ್ದು ಅತ್ತೆಯ ಮಂಡಿಯಿಂದ. ಮನೆ ರಸ್ತೆಗಿಂತ ಒಂದು ಅಂತಸ್ತು ಕೆಳಗಿತ್ತು. ರಸ್ತೆಯಿಂದ ಕಲ್ಲಿನ ಮೆಟ್ಟಿಲು ಇಳಿದು ಮುಂಬಾಗಿಲಿಗೆ ಬರಬೇಕು, ಒಳಗೆ ಮತ್ತೆ ಮೆಟ್ಟಿಲು ಹತ್ತಿದರೆ ಮಹಡಿಯಲ್ಲಿ ಅತ್ತೆಯ ಕೋಣೆ. ಮನೆಯ ಬೆನ್ನಿಗೆ ಇಳಿಜಾರು, ಅದರ ಬುಡದಲ್ಲಿ ನದಿ. ಮಂಡಿಯ ಆಪರೇಷನ್ ಆದ ಮೇಲೆ ಅತ್ತೆ ಇಳಿಯುವುದನ್ನೂ ಬಿಟ್ಟರು, ಹತ್ತುವುದನ್ನೂ ಬಿಟ್ಟರು. ದಿನವಿಡೀ ಹಿಂದಿನ ಕಿಟಕಿಯ ಪಕ್ಕ ಕುರ್ಚಿಯಲ್ಲಿ ಕುಳಿತು ನೀರನ್ನೇ ನೋಡುತ್ತಿದ್ದರು.

‘ಪಾಪ, ನದಿ ಅಂದರೆ ಜೀವ’ ಅಂದುಕೊಂಡಳು ಮೇಡಂ. ಆ ಕಿಟಕಿ ಒಡೆದು ಬಾಗಿಲು ಮಾಡಿ, ಇಳಿಜಾರಿನ ಮೇಲೆ ಕಂಬ ನಿಲ್ಲಿಸಿ ಹಲಗೆ ಹಾಸಿದರೆ ಅತ್ತೆ ಗಾಳಿಗೆ ಕೂರಬಹುದಲ್ಲ ಎಂದು ಗಂಡನಿಗೆ ಹೇಳಿದಳು. ಬೇಕರಿ ನಡೆಸುತ್ತಿದ್ದ ಗಂಡ ಹಿಟ್ಟು ಮೆತ್ತಿದ ಕೈಯನ್ನು ಒರೆಸಿಕೊಳ್ಳುತ್ತ, “ನಿನಗೆ ಬೇಕು ಅಂದ್ರೆ ಮಾಡ್ಸು” ಅಂದ. ತನಗೆ ಬೇಕು ಅಂತ ತಾನು ಯಾವಾಗ ಹೇಳಿದೆ ಎಂದು ಆಕೆಗೆ ಅರ್ಥವಾಗಲಿಲ್ಲ.

ಪುರಸಭೆಯ ಕಟ್ಟಡ ವಿಭಾಗದಲ್ಲಿ ಗುಮಾಸ್ತರು ನಕ್ಷೆಯನ್ನು ಅತ್ತ ತಿರುಗಿಸಿ ಇತ್ತ ತಿರುಗಿಸಿ ನೋಡಿದರು.

“ನೆಲದಿಂದ ಎಷ್ಟು ಎತ್ತರ ಬರುತ್ತಮ್ಮ?”

“ಯಾವ ನೆಲದಿಂದ ಸಾರ್? ಅಲ್ಲಿ ನೆಲಾನೇ ಇಳೀತಾ ಹೋಗುತ್ತಲ್ಲ.”

“ಅದೇ ತೊಂದರೆ. ಗೋಡೆ ಹತ್ರ ಅಳೆದ್ರೆ ಇದು ಬಾಲ್ಕನಿ. ಆ ತುದೀಲಿ ಅಳೆದ್ರೆ ಮೂರಂತಸ್ತಿನ ಕಟ್ಟಡ.”

“ಹಾಗಾದ್ರೆ ಯಾವುದು ಅಂತ ಬರೀಲಿ?”

“ನೀವು ಏನೂ ಬರೀಬೇಡಿ. ಮೊದ್ಲು ನದಿ ವಿಭಾಗದೋರ ಒಪ್ಪಿಗೆ ತನ್ನಿ.”

ನದಿ ವಿಭಾಗ ಅದೇ ಕಟ್ಟಡದ ಇನ್ನೊಂದು ತುದಿಯಲ್ಲಿತ್ತು. ಅಲ್ಲಿದ್ದವರು, ಕಟ್ಟಡದವರು ಮೊದಲು ಒಪ್ಪಲಿ, ಆಮೇಲೆ ನಾವು ನೋಡುತ್ತೇವೆ ಎಂದರು. ಅದೂ ಅಲ್ಲದೆ ನದಿ ಎಲ್ಲಿಂದ ಶುರು ಎಂಬ ಬಗ್ಗೆಯೇ ಇವರಿಗೂ ಅವರಿಗೂ ಹೊಂದಾಣಿಕೆ ಇರಲಿಲ್ಲ. ಕಟ್ಟಡದವರ ಲೆಕ್ಕದಲ್ಲಿ ದಡ; ನದಿಯವರ ಲೆಕ್ಕದಲ್ಲಿ ಹಿಂದೆಂದೋ ಬಂದ ಮಹಾಪೂರದ ಗೆರೆ. ಆ ಗೆರೆ ಹಿಡಿದರೆ ಮೇಡಂ ಅಡುಗೆಮನೆಯೇ ನದಿಯೊಳಗೆ ಬರುತ್ತಿತ್ತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವ ಗಾದೆಯನ್ನು ಈ ಕಚೇರಿಗೆಂದೇ ಹೇಳಿ ಮಾಡಿಸಿದ್ದಾರೇನೋ ಅನ್ನಿಸಿತು ಆಕೆಗೆ. ಹೊರಗೆ ಬಂದು ಕಾರಿನಲ್ಲಿ ಕುಳಿತಾಗ ತಾನು ಕೇಳಲು ಹೋದದ್ದೇನು, ಅವರು ಬೇಡವೆಂದದ್ದೇನು, ಒಂದೂ ನೆನಪಿಗೆ ಬರಲಿಲ್ಲ.

ಓಡಾಟ ಹೀಗೇ ಸಾಗಿತು. ಕೊನೆಗೆ ಜಾಗ ನೋಡಿ ಬರಲೆಂದು ಒಬ್ಬ ಎಂಜಿನಿಯರನ್ನು ಕಳಿಸಿದರು. ಬಾಗಿಲು ತೆರೆದರೆ ನಿಂತಿದ್ದವಳು ಮೇಡಂ ಹತ್ತಿರ ಕಲಿತು ಎರಡು ಸಲ ಟೆಸ್ಟಿನಲ್ಲಿ ನಪಾಸಾದ ಹುಡುಗಿ! ಯಾರು ಯಾರಿಗೆ ಹೆದರಬೇಕೆಂದು ಇಬ್ಬರಿಗೂ ತೋಚಲಿಲ್ಲ.

“ಬನ್ನಿ... ಬಾ ಒಳಗೆ” ಅಂದಳು ಮೇಡಂ.

“ನಡ್ಕೊಂಡೇ ಬಂದೆ ಮೇಡಂ” ಎಂದಳು ಹುಡುಗಿ, ಕೇಳದಿದ್ದರೂ.

ಮಹಡಿಗೆ ಹೋಗಿ ಅವಳು ಹಿಂದಿನ ಕಿಟಕಿಯ ಅಗಲ ಅಳೆದಳು, ಬಗ್ಗಿ ಇಳಿಜಾರು ನೋಡಿದಳು. ಮಾತಿಗೆಂಬಂತೆ, “ಅಜ್ಜಿ, ನದಿ ಅಂದ್ರೆ ನಿಮಗೆ ತುಂಬಾ ಇಷ್ಟನಾ?” ಎಂದು ಕೇಳಿದಳು.

“ಇಷ್ಟ ಏನ್ ಬಂತು ತಾಯಿ? ಆಸ್ಪತ್ರೆಯಿಂದ ಕರ್ಕೊಂಡ್ ಬಂದು ಇಲ್ಲಿ ಕುರ್ಚಿ ಹಾಕಿದ್ರು, ಕೂತೆ. ಹರಿಯೋ ನೀರು ನೋಡಿ ನೋಡಿ ತಲೆ ಸುತ್ತುತ್ತೆ.”

ಮೇಡಂ ಬಾಯಿ ತೆರೆದು ನಿಂತಳು. “ಅತ್ತೆ! ಮತ್ತೆ ಇಷ್ಟು ದಿನ ಯಾಕೆ ಹೇಳ್ಲಿಲ್ಲ?”

“ನೀನು ಆ ಕಚೇರಿ ಈ ಕಚೇರಿ ಅಂತ ಅಷ್ಟು ಓಡಾಡ್ತಿದ್ದೆ. ನಿಮ್ಮಿಬ್ರಿಗೂ ಆಸೆ ಇದೆ, ನಾನ್ಯಾಕೆ ಕಲ್ಲು ಹಾಕ್ಲಿ ಅಂತ ಸುಮ್ನಿದ್ದೆ ಕಣೇ.”

“ನಮಗಲ್ಲ, ನಿಮಗೇ ಅಂತ...” ಮೇಡಂ ಮಾತು ಅಲ್ಲಿಗೇ ನಿಂತಿತು. ಗಂಡ ಹೆಂಡತಿಗೆ ಬೇಕೆಂದುಕೊಂಡ, ತಾನು ಅತ್ತೆಗೆ ಬೇಕೆಂದುಕೊಂಡೆ, ಅತ್ತೆ ಮಗ-ಸೊಸೆಗೆ ಬೇಕೆಂದುಕೊಂಡರು. ಹಾಗಾದರೆ ಇದು ಬೇಕಾದದ್ದು ಯಾರಿಗೆ? ನಗು ಬರುವಂತಿತ್ತು.

“ನಿಮಗೇನು ಬೇಕು ಹೇಳಿ ಅತ್ತೆ.”

ಅತ್ತೆ ಮಂಡಿ ನೀವಿಕೊಂಡರು. “ನನಗೆ ಜನ ಬೇಕು. ರಸ್ತೇಲಿ ಹೋಗೋರು ಬರೋರು. ಆ ಬೀರು ಹಿಂದೆ ಒಂದು ಕಿಟಕಿ ಇದೆ, ಮರೆತೇ ಹೋಯ್ತಾ ನಿಮಗೆ?”

ನಿಜವಾಗಿಯೂ ಮರೆತೇ ಹೋಗಿತ್ತು. ಮೇಡಂ ಮತ್ತು ಎಂಜಿನಿಯರ್ ಸೇರಿ ಬೀರುವನ್ನು ತಳ್ಳಿ, ಜಿಡ್ಡುಗಟ್ಟಿದ ಅಗುಳಿಯನ್ನು ತೆಗೆದರು. ಒಂದು ಮಾರಿನಾಚೆ, ಸರಿಯಾಗಿ ಕಿಟಕಿಯ ಮಟ್ಟಕ್ಕೆ, ರಸ್ತೆ ಇತ್ತು. ರಸ್ತೆಯಾಚೆ ದರ್ಜಿಯ ಅಂಗಡಿ. ಹೊಲಿಗೆ ಮಷೀನಿನ ಮುಂದೆ ಕುಳಿತಿದ್ದ ದರ್ಜಿ ಹೆಂಗಸು ತಲೆಯೆತ್ತಿ, “ಅಯ್ಯೋ ದೊಡ್ಡಮ್ಮ! ಇದ್ದೀರಾ? ಊರು ಬಿಟ್ರೇನೋ ಅಂದ್ಕೊಂಡಿದ್ದೆ!” ಎಂದು ಕೂಗಿದಳು.

“ಮಣೆ ಹಾಕ್ಕೊಂಡು ಇಲ್ಲೇ ಕೂತಿದ್ದೀನಿ ಕಣೇ!” ಎಂದು ಅತ್ತೆಯೂ ಕೂಗಿದರು. ಎಷ್ಟೋ ದಿನದ ಮೇಲೆ ಅವರ ದನಿ ಅಷ್ಟು ದೊಡ್ಡದಾಗಿ ಕೇಳಿದ್ದು.

ಎಂಜಿನಿಯರ್ ಟೇಪು ಬಿಚ್ಚಿದಳು. “ಇಲ್ಲಿಂದ ರಸ್ತೆಗೆ ಹಲಗೆ ಹಾಸಿದ್ರೆ ನದಿ ವಿಭಾಗಕ್ಕೆ ಸಂಬಂಧಾನೇ ಇಲ್ಲ ಮೇಡಂ. ಆದ್ರೆ ಇದು ಜಗಲಿ ಆಗಲ್ಲ, ಸೇತುವೆ ಆಗುತ್ತೆ.”

“ಸೇತುವೇನಾ?”

“ಕುರ್ಚಿ ಇಟ್ರೆ ಜಗಲಿ. ಇಡದಿದ್ರೆ ಸೇತುವೆ. ಅಲ್ಲ... ತಡೀರಿ, ನಾನೇ ಕೇಳಿ ಹೇಳ್ತೀನಿ.”

ಮತ್ತೆ ನಕ್ಷೆ, ಮತ್ತೆ ಕಚೇರಿ, ಈ ಸಲ ರಸ್ತೆ ವಿಭಾಗ. ಅಂತೂ ಇಂತೂ ಒಂದು ದಿನ ಅನುಮತಿ ಕೈಗೆ ಬಂತು. ಅದರಲ್ಲಿ ‘ಆಸನಸಹಿತ ಪ್ರವೇಶ ದಾರಿ’ ಎಂದು ಬರೆದಿತ್ತು. ಗಂಡ ಎರಡು ಸಲ ಓದಿ, “ಒಟ್ಟಿನಲ್ಲಿ ನಾವೀಗ ಏನು ಕಟ್ಟಿಸ್ತಿದ್ದೀವಿ?” ಎಂದು ಕೇಳಿದ. “ಬಡಗೀನ ಕೇಳಿ” ಅಂದಳು ಮೇಡಂ.

ಕಿಟಕಿ ಬಾಗಿಲಾಯಿತು, ಹಲಗೆ ಬಿದ್ದಿತು, ಎರಡೂ ಬದಿಗೆ ಗಟ್ಟಿ ಕಟಕಟೆ ಬಂತು. ಮೇಡಂ ಹೊಸ ಕುರ್ಚಿ ತಂದು ನಡುವೆ ಇಟ್ಟು, ಅತ್ತೆಯನ್ನು ಕೂರಿಸಿ ಡ್ರೈವಿಂಗ್ ಪಾಠಕ್ಕೆ ಹೋದಳು.

ಸಂಜೆ ಬಂದು ನೋಡಿದರೆ ಕುರ್ಚಿ ಖಾಲಿ. ಕಟಕಟೆಯಾಚೆ ಬಗ್ಗಿ ನೋಡಿದಳು, ಕೋಣೆಗೆ ಓಡಿದಳು. ಅಷ್ಟರಲ್ಲಿ ರಸ್ತೆಯಾಚೆಯಿಂದ ನಗು ಕೇಳಿತು. ಊರುಗೋಲನ್ನು ಗೋಡೆಗೆ ಒರಗಿಸಿ, ಅತ್ತೆ ದರ್ಜಿಯ ಬೆಂಚಿನ ಮೇಲೆ ಕುಳಿತಿದ್ದರು.

“ಅತ್ತೆ, ಜಗಲಿ ಮೇಲೆ ಕೂರಲ್ವಾ?”

“ಕೂರೋಕೇನೇ ಅದು? ಕಾಗದದಲ್ಲಿ ದಾರಿ ಅಂತ ಬರೆದಿದ್ದಾರಂತಲ್ಲ!”

ಮೇಡಂ ಹೆಗಲ ಚೀಲವನ್ನು ಹೊಸ ಕುರ್ಚಿಯ ಮೇಲೆ ಹಾಕಿ ರಸ್ತೆ ದಾಟಿದಳು. ದರ್ಜಿ ಹೆಂಗಸು ಬೆಂಚಿನ ಮೇಲಿದ್ದ ಬಟ್ಟೆಯ ಗಂಟನ್ನು ಎತ್ತಿ ಜಾಗ ಮಾಡಿಕೊಟ್ಟಳು.